ಹುಣಸೆ ಮರದ ಹತ್ತಿರ ಬನ್ನಿ

೫ ಜನವರಿ ೨೦೧೪

ಕಂಪನಿಯವರು ಕೆಲಸಕ್ಕೆ ಸೇರಿದವರಿಗೆಲ್ಲ ಒಂದೊಂದು ಡೈರಿ ಕೊಟ್ಟರು. ರಟ್ಟಿನ ಮೇಲೆ ಜೈಂಟ್ ವೀಲ್ ಚಿತ್ರ, ಕೆಳಗೆ ‘ಆನಂದವನ, ಬೈರಕೂರು ರಸ್ತೆ, ಮುಳಬಾಗಿಲು ತಾಲ್ಲೂಕು’ ಅಂತ ಬಂಗಾರದ ಬಣ್ಣದ ಅಕ್ಷರ. ಮಿಕ್ಕ ಹೆಂಗಸರು ರಫ್ ನೋಟ್ಸಿಗಾಯಿತು ಅಂತ ಮಕ್ಕಳಿಗೆ ಕೊಟ್ಟರಂತೆ. ನಾನು ಯಾರಿಗೆ ಕೊಡಲಿ? ನಾನೇ ಬರೆಯುತ್ತೇನೆ. ಎಸ್ಸೆಸ್ಸೆಲ್ಸಿ ಓದಿದವಳಿಗೆ ಅಷ್ಟೂ ಬಾರದಿದ್ದರೆ ಹೇಗೆ. ದಿನಾ ಬರೆಯುವಂಥದ್ದು ಏನೂ ಇಲ್ಲ. ಬರೆಯಬೇಕು ಅನಿಸಿದ ದಿನ ಅಚ್ಚಾದ ತಾರೀಕನ್ನು ಹೊಡೆದುಹಾಕಿ ನನ್ನ ತಾರೀಕು ಹಾಕುತ್ತೇನೆ.

ಮೊದಲು ಇದನ್ನು ಬರೆದಿಡಬೇಕು. ಅಪ್ಪ ನನಗೆ ಅರಿಶಿನ ಕುಂಕುಮಕ್ಕೆ ಅಂತ ಬರೆದುಕೊಟ್ಟಿದ್ದ ಒಂದೂಕಾಲು ಎಕರೆ ಈಗ ಆನಂದವನದ ನಡುಮಧ್ಯದಲ್ಲಿದೆ. ಸುತ್ತಲಿನವರೆಲ್ಲ ಮಾರಿದ ಮೇಲೆ ನಮ್ಮದಕ್ಕೆ ಹೋಗಲು ದಾರಿಯೇ ಉಳಿಯಲಿಲ್ಲ. ಆದರೂ ಒಂದು ವರ್ಷ ಹಟ ಹಿಡಿದೆ. ಕೊನೆಗೆ ಮಾಲೀಕರಾದ ಕೋದಂಡರಾಮಪ್ಪನವರೇ ಕೋಲಾರದಿಂದ ಬಂದು ನಮ್ಮ ಜಗಲಿಯ ಮೇಲೆ ಕೂತರು.

"ಏನಮ್ಮಾ ನಿನ್ನ ಕಷ್ಟ?"

"ಹುಣಸೆ ಮರದ ಕೆಳಗೆ ನನ್ನ ಮಗಳಿದ್ದಾಳೆ ಸ್ವಾಮಿ," ಅಂದೆ.

ಅವರು ಕ್ರಯಪತ್ರದಲ್ಲಿ ಒಂದು ಸಾಲು ಸೇರಿಸಿದರು. ಗಂಗಾಲಕ್ಷ್ಮಿ ಎಂಬ ನಾನು ಬದುಕಿರುವವರೆಗೆ ನನ್ನ ರುಜು ಇಲ್ಲದೆ ಆ ಮರಕ್ಕೆ ಯಾರೂ ಕೊಡಲಿ ಹಾಕುವಂತಿಲ್ಲ. ನನಗೂ ನನ್ನ ಗಂಡ ಮುನಿಯಲ್ಲಪ್ಪನಿಗೂ ಇಲ್ಲೇ ಕೆಲಸ. ಮರದ ಸುತ್ತ ಗುಡಿಸುವ ಕೆಲಸವನ್ನು ಕೇಳಿ ಹಾಕಿಸಿಕೊಂಡಿದ್ದೇನೆ.

ವೇಣಿ, ನೀನು ಹೋದಾಗ ನಿನಗೆ ಏಳು ವರ್ಷ. ಮೆದುಳು ಜ್ವರ ಮೂರೇ ದಿನ ಟೈಮು ಕೊಟ್ಟಿತು. ಮಣ್ಣು ಮಾಡುವ ಕಡೆ ಹೆಂಗಸರು ಹೋಗುವುದು ನಮ್ಮಲ್ಲಿಲ್ಲ, ಅದರಲ್ಲೂ ಹೆತ್ತವಳು ಹೊಸಿಲು ದಾಟಬಾರದು. ಮಕ್ಕಳಿಗೆ ಕಲ್ಲು ನೆಡುವುದೂ ಇಲ್ಲ. ನೀನು ಆಡುತ್ತಿದ್ದ ಮರದ ಕೆಳಗೇ ಮಲಗಿಸಿ ಅಂತ ಬೇಡಿಕೊಂಡಿದ್ದೆ. ಗಂಡಸರು ಮಣ್ಣು ಮಾಡಿ ವಾಪಸು ಬಂದಾಗ ನಿಮ್ಮಪ್ಪನನ್ನು ಒಂದೇ ಮಾತು ಕೇಳಿದೆ, ನೆರಳಲ್ಲಿ ಮಲಗಿಸಿದ್ರಾ ಅಂತ. ಹೂಂ ಅಂದರು.

೧೫ ಜನವರಿ ೨೦೧೪

ಸಂಕ್ರಾಂತಿ ಮಾರನೇ ದಿನ ಅಂತ ಇವತ್ತು ಆನಂದವನ ಶುರುವಾಯಿತು. ಸುತ್ತಲ ಹಳ್ಳಿಯವರಿಗೆ ಮೊದಲ ದಿನ ಪುಕ್ಕಟೆ. ಟ್ರ್ಯಾಕ್ಟರು, ಟೆಂಪೋ, ಏನು ಸಿಕ್ಕಿದರೆ ಅದರಲ್ಲಿ ಬಂದರು. ಜೈಂಟ್ ವೀಲ್, ಪುಟಾಣಿ ರೈಲು, ತಗ್ಗಿನಲ್ಲಿರುವ ಕುಂಟೆಯಲ್ಲಿ ನಾಲ್ಕು ದೋಣಿ. ಕ್ಯಾಂಟೀನಿನಲ್ಲಿ ಮುದ್ದೆ, ಸೊಪ್ಪಿನ ಸಾರು. ನಮ್ಮೂರಿನ ಹೆಂಗಸರೇ ಮಾಡಿದ್ದು.

ಬೆಳಗಿನಿಂದ ಸಂಜೆಯವರೆಗೆ ಮಕ್ಕಳ ಕಿರುಚಾಟ. ನಾನು ಮರದ ಕಡೆ ಮುಖ ಮಾಡಿ ಕಲ್ಲಿನ ಹಾಗೆ ಕೂತಿದ್ದೆ. ನಿನ್ನ ತಲೆಯ ಮೇಲೆ ಇವರೆಲ್ಲ ಕುಣಿಯುತ್ತಿದ್ದಾರೆ ಅನಿಸಿತು ವೇಣಿ. ಒಬ್ಬ ಹುಡುಗ ಬೇರಿನ ಮೇಲೆ ಹತ್ತಿದ್ದಕ್ಕೆ ಪೊರಕೆ ಎತ್ತಿಬಿಟ್ಟೆ. ಅವರಮ್ಮ ನನ್ನನ್ನು ಕೆಕ್ಕರಿಸಿಕೊಂಡು ಹೋದಳು.

೯ ನವೆಂಬರ್ ೨೦೧೪

ನೀನು ಹೋಗಿ ಇವತ್ತಿಗೆ ಎಂಟು ವರ್ಷ. ಗೇಟು ತೆರೆಯುವ ಮುಂಚೆ ಎಡೆ ಇಟ್ಟೆ. ಅನ್ನ, ಕಡಲೆಬೇಳೆ ಪಾಯಸ, ನಿನಗಿಷ್ಟವಾದ ಕೋಡುಬಳೆ.

ಇವರನ್ನು ಕರೆದೆ. "ನೀನು ಇಡು, ನಾನು ಆಮೇಲೆ ಬರ್ತೀನಿ," ಅಂದರು. ಬರಲಿಲ್ಲ. ಆನಂದವನ ಶುರುವಾದಾಗಿನಿಂದ ಒಂದು ದಿನವೂ ಮರದ ಕೆಳಗೆ ಕಾಲಿಟ್ಟಿಲ್ಲ ಈ ಮನುಷ್ಯ. ಊಟಕ್ಕೂ ಅತ್ತಲೇ ಎಲ್ಲೋ ಕುಂಟೆ ದಡದಲ್ಲಿ ಕೂರುತ್ತಾರೆ. ಹೆತ್ತ ಹೊಟ್ಟೆಯ ಸಂಕಟ ಗಂಡಸರಿಗೆ ಎಲ್ಲಿಂದ ಬರಬೇಕು. ಸಂಜೆ ಮಾತಾಡಿಸಲಿಲ್ಲ.

೨೬ ಏಪ್ರಿಲ್ ೨೦೧೫

ಇವತ್ತು ಸೆಕ್ಯುರಿಟಿಯವನು ಅಳುತ್ತಿದ್ದ ಒಂದು ಹುಡುಗನನ್ನು ತಂದು ನನ್ನ ಹತ್ತಿರ ನಿಲ್ಲಿಸಿದ. "ಗಂಗಮ್ಮಾ, ಸ್ವಲ್ಪ ನೋಡ್ಕೋ, ಆಫೀಸಿಗೆ ಹೇಳಿ ಬರ್ತೀನಿ," ಅಂದ. ನನಗ್ಯಾಕೆ ಈ ಉಸಾಬರಿ ಅನ್ನುವಷ್ಟರಲ್ಲಿ ಮಾಯವಾದ.

ನಾಲ್ಕು ವರ್ಷದ್ದಿರಬಹುದು. ಮದನಪಲ್ಲಿ ಕಡೆಯವರು, ತೆಲುಗು ಬಿಟ್ಟು ಬೇರೆ ಬರದು. ಅಮ್ಮ ಕಾವಾಲ, ಅಮ್ಮ ಕಾವಾಲ, ಅಮ್ಮ ಬೇಕು ಅಂತ ಒಂದೇ ರಾಗ. "ಏಡ್ವೊದ್ದು ನಾಯನಾ, ಮೀ ಅಮ್ಮ ವಸ್ತಾದಿ," ಅಂದೆ. ಅಳಬೇಡ, ಅಮ್ಮ ಬರ್ತಾಳೆ ಅಂತ ನಾನು ಯಾವ ಧೈರ್ಯದಲ್ಲಿ ಹೇಳಿದೆನೋ. ಅಳು ನಿಲ್ಲಲಿಲ್ಲ. ಕೈಗೆ ಸಿಕ್ಕಿದ ಹುಣಸೆ ಚಿಗುರು ಕಿತ್ತು ಬಾಯಿಗಿಟ್ಟೆ. ಹುಳಿಗೆ ಮುಖ ಕಿವುಚಿದ, ಆಮೇಲೆ ಇನ್ನೂ ಬೇಕು ಅಂದ.

ಅರ್ಧ ಗಂಟೆಯ ಮೇಲೆ ಅವರಮ್ಮ ಓಡಿ ಬಂದಳು. ಮಗನ ಬೆನ್ನಿಗೆ ಎರಡು ಬಾರಿಸಿ, ಆಮೇಲೆ ಅವನನ್ನು ಅವಚಿಕೊಂಡು ತಾನೇ ಅತ್ತಳು. ನನಗೆ ನೋಡಲಾಗಲಿಲ್ಲ. ಎದ್ದು ಮರದ ಹಿಂದೆ ಹೋಗಿ ನಿಂತೆ. ಕಳೆದದ್ದು ಸಿಕ್ಕಿದರೆ ಹೀಗಿರುತ್ತೆ ಅಂತ ನನಗೆ ಗೊತ್ತಿರಲಿಲ್ಲ ವೇಣಿ.

೩ ಜುಲೈ ೨೦೧೬

ಕುಂಟೆ ಬತ್ತಿ ಆರು ತಿಂಗಳಾಯಿತು. ದೋಣಿಗಳು ಮಕಾಡೆ ಬಿದ್ದಿವೆ. ಈಗ ಅಲ್ಲಿ ಅಲೆಗಳ ಕೊಳ ಮಾಡುತ್ತಾರಂತೆ, ಮೋಟಾರಿನಿಂದ ಸಮುದ್ರದ ಹಾಗೆ ಅಲೆ ಎಬ್ಬಿಸುವುದು. ಕೋಲಾರ ಜಿಲ್ಲೆಯಲ್ಲಿ ಸಮುದ್ರ! ಕುಡಿಯುವ ನೀರಿಗೆ ನಾವು ಟ್ಯಾಂಕರ್ ಕಾಯುತ್ತೇವೆ. ಜೆಸಿಬಿ ಬಂದಿದೆ.

ಇವರು ಸರಿಯಾಗಿ ಊಟ ಮಾಡಿ ಮೂರು ದಿನವಾಯಿತು. ರಜೆ ಹಾಕಿ ಬಿಸಿಲಿನಲ್ಲಿ ಜೆಸಿಬಿ ಪಕ್ಕ ನಿಂತಿರುತ್ತಾರೆ. ಅಲ್ಲೇನು ಸಿನಿಮಾ ನಡೀತಿದೆಯಾ ಅಂತ ಕೇಳಿದೆ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಮತ್ತೆ ಹೊರಟರು.

೧೯ ಮಾರ್ಚ್ ೨೦೧೭

ಕೊಳ ತೆರೆದರು. ಇವರು ತೋಟದ ಕೆಲಸ ಬಿಟ್ಟು ಕೊಳ ತೊಳೆಯುವ ಕೆಲಸಕ್ಕೆ ತಾವೇ ಕೇಳಿ ಹೋಗಿದ್ದಾರೆ. ಬೆಳಿಗ್ಗೆ ಐದಕ್ಕೇ ಹೋಗಿ ತಳ ಉಜ್ಜಬೇಕು, ಕ್ಲೋರಿನ್ ಮದ್ದಿನ ನೀರು ಬೇರೆ. ಅದಕ್ಕೆ ಅಂತ ರಬ್ಬರ್ ಬೂಟು ಕೊಟ್ಟರೆ ಈ ಪುಣ್ಯಾತ್ಮ ಹಾಕಿಕೊಳ್ಳುವುದಿಲ್ಲ. ಬೂಟನ್ನು ದಡದಲ್ಲಿ ಬಿಟ್ಟು ಬರಿಗಾಲಲ್ಲಿ ಇಳಿಯುತ್ತಾರಂತೆ. ಬೆರಳ ಸಂದಿಯೆಲ್ಲ ಕೊಳೆತು ಬೆಳ್ಳಗಾಗಿದೆ. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚುತ್ತಾ ಬೈದೆ. ಬೈಸಿಕೊಂಡರು, ಅಷ್ಟೆ.

ಕೊಳದ ಕಡೆ ನಾನು ಹೋಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಗಂಡು ಹೆಣ್ಣು ಕುಣಿಯುವುದನ್ನು ನೋಡುವ ಕರ್ಮ ನನಗೆ ಬೇಡ.

೨ ಮೇ ೨೦೧೮

ಇವತ್ತು ಮೈಕಿನಲ್ಲಿ ಹೊಸದಾಗಿ ಹೇಳಲು ಶುರು ಮಾಡಿದ್ದಾರೆ: "ಮಕ್ಕಳು ತಪ್ಪಿಸಿಕೊಂಡಿದ್ದರೆ ದಯವಿಟ್ಟು ಹುಣಸೆ ಮರದ ಹತ್ತಿರ ಬನ್ನಿ." ಆಮೇಲೆ ಅದನ್ನೇ ತೆಲುಗಿನಲ್ಲಿ. ಮರಕ್ಕೆ ಒಂದು ಬೋರ್ಡೂ ಹಾಕಿದರು. ಮೊಳೆ ಹೊಡೆಯಬೇಡಿ, ತಂತಿಯಲ್ಲಿ ಕಟ್ಟಿ ಅಂದೆ. ಹಾಗೇ ಕಟ್ಟಿದರು.

ಮಕ್ಕಳನ್ನು ಸುಮ್ಮನೆ ಕೂರಿಸಿದರೆ ಅಳುತ್ತವೆ. ಮರದ ಕೆಳಗಿನ ಚಪ್ಪಡಿಯ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದಿಟ್ಟಿದ್ದೇನೆ. ಕವಡೆಗೆ ಬದಲು ಸೀಳಿದ ಹುಣಸೆ ಬೀಜ. ಮಾಲೂರಿನ ಒಂದು ಹುಡುಗಿ ಅಪ್ಪ ಬಂದು ನಿಂತರೂ ಏಳಲಿಲ್ಲ. "ತಾಳಪ್ಪಾ, ಅಜ್ಜಿ ಸೋಲ್ತಾ ಇದ್ದಾರೆ," ಅಂದಳು. ಐವತ್ತಕ್ಕೇ ಅಜ್ಜಿಯಾದೆ.

೧೦ ನವೆಂಬರ್ ೨೦೧೮

ಇವತ್ತು ಬೆಳಿಗ್ಗೆ ಕ್ಯಾಲೆಂಡರಿನ ಹಾಳೆ ಹರಿದಾಗ ಗೊತ್ತಾಯಿತು. ನಿನ್ನೆ ಒಂಬತ್ತನೇ ತಾರೀಕು.

ದೀಪಾವಳಿ ರಜೆ. ಶ್ರೀನಿವಾಸಪುರದಿಂದಲೇ ಆರು ಬಸ್ಸು. ಒಂದೇ ದಿನ ಹನ್ನೊಂದು ಮಕ್ಕಳು ನನ್ನ ಹತ್ತಿರ. ಅದರಲ್ಲಿ ಅವಳಿ ಜವಳಿ ಎರಡು, ಒಂದು ಅತ್ತರೆ ಇನ್ನೊಂದು ಶುರು. ಕೊನೆಯದನ್ನು ಒಪ್ಪಿಸುವಾಗ ಆರೂವರೆ. ಮನೆಗೆ ಬಂದು ಬಿದ್ದುಕೊಂಡವಳು ಬೆಳಿಗ್ಗೆಯೇ ಎದ್ದದ್ದು.

ಹೆತ್ತ ಮಗಳ ದಿನ ಮರೆತವಳನ್ನು ಏನೆಂದು ಕರೆಯಬೇಕು? ಓಡಿ ಹೋಗಿ ಎಡೆ ಇಟ್ಟೆ. ತಪ್ಪಾಯಿತು ವೇಣಿ, ತಪ್ಪಾಯಿತು. ಇವರಿಗೆ ಹೇಳಿದಾಗ, "ನಾನು ಮರೆತಿರ್ಲಿಲ್ಲ," ಅಂದರು. "ಹಂಗಿದ್ರೆ ಬಾಯಿ ಬಿಡೋಕೇನು?" ಅಂತ ರೇಗಿದೆ. "ನೀನು ಮಕ್ಕಳ ಜೊತೆ ನಗ್ತಾ ಕೂತಿದ್ದೆ, ಅದ್ಕೇ ಹೇಳ್ಲಿಲ್ಲ," ಅಂದರು. ನಾನೆಲ್ಲಿ ನಕ್ಕೆ.

೧೪ ಜೂನ್ ೨೦೨೦

ಕೊರೋನಾ ಅಂತ ಬಾಗಿಲು ಹಾಕಿ ಮೂರು ತಿಂಗಳು. ನೋಡಿಕೊಳ್ಳುವುದಕ್ಕೆ ಅಂತ ನಮ್ಮಿಬ್ಬರನ್ನೂ ಇನ್ನು ನಾಲ್ವರನ್ನೂ ಮಾತ್ರ ಉಳಿಸಿಕೊಂಡಿದ್ದಾರೆ. ಜೈಂಟ್ ವೀಲ್ ತೊಟ್ಟಿಲುಗಳಲ್ಲಿ ಕೋತಿಗಳು ಮರಿ ಹಾಕಿಕೊಂಡಿವೆ. ಕೊಳ ಖಾಲಿ ಮಾಡಿದ್ದಾರೆ. ಖಾಲಿ ಕೊಳವನ್ನೂ ಇವರು ದಿನಾ ಗುಡಿಸುತ್ತಾರೆ. ಹೇಳೋರಿಲ್ಲ ಕೇಳೋರಿಲ್ಲ.

ಯಾರೂ ಬಾರದ ಜಾಗ ಬೇಕು ಅಂತ ಎಷ್ಟು ಸಲ ಅಂದುಕೊಂಡಿದ್ದೆ. ಈಗ ಅದೇ ಆಗಿದೆ, ಆದರೆ ಒಂದು ಗಳಿಗೆ ಕೂರಲು ಆಗುವುದಿಲ್ಲ. ಚೌಕಾಬಾರದ ಗೆರೆ ಮಳೆಗೆ ಅಳಿಸಿಹೋಗಿತ್ತು. ಯಾರು ಬರುತ್ತಾರೆ ಅಂತ ಗೊತ್ತಿಲ್ಲದಿದ್ದರೂ ಮತ್ತೆ ಬರೆದೆ.

೨೦ ಡಿಸೆಂಬರ್ ೨೦೨೧

ಕೋದಂಡರಾಮಪ್ಪನವರು ಆನಂದವನವನ್ನು ಮಾರಿಬಿಟ್ಟರು. ಎರಡು ವರ್ಷದ ಬೀಗ ಅವರನ್ನು ಹಣ್ಣು ಮಾಡಿದೆ. ಕೋಲೂರಿಕೊಂಡು ಎಲ್ಲರಿಗೂ ಹೇಳಿ ಹೋಗಲು ಬಂದಿದ್ದರು. ನನ್ನ ಹತ್ತಿರ ಬಂದು ಮರದ ತೊಗಟೆ ಮುಟ್ಟಿ, "ನಿನ್ನ ಸಾಲು ಹೊಸ ಕ್ರಯಪತ್ರದಲ್ಲೂ ಬರೆಸಿದ್ದೀನಮ್ಮ. ಅದನ್ನ ಬಿಟ್ಟು ಇನ್ನೇನೂ ಉಳಿಸ್ಕೊಳ್ಳೋಕಾಗ್ಲಿಲ್ಲ," ಅಂದರು. ಕಾಲಿಗೆ ನಮಸ್ಕಾರ ಮಾಡಿದೆ.

ಹೊಸ ಹೆಸರು ‘ಫನ್‌ಟೋರಿಯಾ ರೆಸಾರ್ಟ್’. ನಮ್ಮೂರಿನವರು ಈಗಲೂ ಆನಂದವನ ಅಂತಲೇ ಅನ್ನುತ್ತಾರೆ.

೧೧ ಸೆಪ್ಟೆಂಬರ್ ೨೦೨೨

ಪುಟಾಣಿ ರೈಲು ತೆಗೆದರು. ಕ್ಯಾಂಟೀನಿನ ನಮ್ಮ ಹೆಂಗಸರನ್ನೂ ತೆಗೆದರು. ಮುದ್ದೆ ಈಗ ಮಣ್ಣಿನ ತಟ್ಟೆಯಲ್ಲಿ ನಿಂಬೆಕಾಯಿ ಗಾತ್ರ ಬರುತ್ತದೆ, ಮಾಡುವವನು ಒಡಿಶಾದ ಹುಡುಗ. ಮಾವಿನ ತೋಪಿದ್ದ ಕಡೆ ಇಪ್ಪತ್ತು ವಿಲ್ಲಾ. ಸರ್ಕಾರಿ ಶಾಲೆಯ ಬಸ್ಸು ಕಂಡು ಯಾವ ಕಾಲವಾಯಿತೋ. ಟಿಕೆಟ್ಟಿನ ರೇಟು ಕೇಳಿಯೇ ಮೇಷ್ಟ್ರುಗಳು ಫೋನ್ ಇಡುತ್ತಾರಂತೆ.

ಮಕ್ಕಳ ಕೈಗೆ ಒಂದು ನೀಲಿ ಪಟ್ಟಿ ಕಟ್ಟುತ್ತಾರೆ. ಮಗು ಎಲ್ಲಿದೆ ಅಂತ ಅಪ್ಪ ಅಮ್ಮನ ಫೋನಿನಲ್ಲಿ ಕಾಣುತ್ತದೆ. ಮೈಕಿನಲ್ಲಿ ಹೇಳುವುದು ನಿಲ್ಲಿಸಿದರು. ಬೋರ್ಡ್ ತೆಗೆದರು. ಸೂಪರ್‌ವೈಸರ್ ಶ್ವೇತ ಒಳ್ಳೆಯ ಹುಡುಗಿ, "ಆಂಟಿ, ನಿಮ್ಗೂ ಆರಾಮಾಯ್ತಲ್ಲ," ಅಂದಳು. ಹೌದು ಅಂದೆ.

೨೫ ಡಿಸೆಂಬರ್ ೨೦೨೨

ಇವತ್ತೂ ಯಾರೂ ಬರಲಿಲ್ಲ.

೭ ಮೇ ೨೦೨೩

ಸೀಳಿದ ಬೀಜಕ್ಕೆ ಹುಳ ಬಿದ್ದಿತ್ತು. ಎಸೆದು ಬೇರೆ ಸೀಳಿದೆ.

೧೨ ಸೆಪ್ಟೆಂಬರ್ ೨೦೨೪

ಮ್ಯಾನೇಜರ್ ನಂದಕಿಶೋರ್ ಆಫೀಸಿಗೆ ಕರೆಸಿ ಕುರ್ಚಿ ಹಾಕಿಸಿದರು. ಮೂವತ್ತೈದು ದಾಟಿರಲಿಕ್ಕಿಲ್ಲ, ಮಾತು ಮೆತ್ತಗೆ. ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸಿದರು. ಆಕಾಶದಲ್ಲಿ ತಲೆಕೆಳಗಾಗಿ ಓಡುವ ಗಾಡಿಯಂತೆ. ಅದರ ದೊಡ್ಡ ಕಂಬ ಹುಣಸೆ ಮರ ಇರುವ ಕಡೆಯೇ ಬರಬೇಕಂತೆ, ಅಡಿಯಲ್ಲಿ ಗಟ್ಟಿ ಬಂಡೆ ಇರುವುದು ಅಲ್ಲಿ ಮಾತ್ರ.

"ಅಮ್ಮಾ, ಮಗಳ ವಿಷಯ ಗೊತ್ತು. ನಾವು ಸುಮ್ನೆ ಕಡಿಯಲ್ಲ. ಶಾಸ್ತ್ರ ಮಾಡ್ಸೋಣ. ಮಣ್ಣನ್ನ ಗೌರವದಿಂದ ಬೇರೆ ಕಡೆ ಇಡೋಣ. ಮಗಳ ಹೆಸರಲ್ಲಿ ಕಲ್ಲಿನ ಬೆಂಚ್ ಹಾಕ್ಸೋಣ. ನಿಮ್ಮ ಸೈನ್ ಒಂದು ಬೇಕು."

ಆಗಲ್ಲ ಅಂದೆ. ನಿಧಾನಕ್ಕೆ ಯೋಚನೆ ಮಾಡಿ ಅಂದರು.

ಮನೆಗೆ ಬಂದು ಹೇಳಿದರೆ ಇವರು ಏನಂದರು ಗೊತ್ತಾ? "ಸೈನ್ ಹಾಕ್ಬಿಡು ಗಂಗಾ." ಕೈಯಲ್ಲಿದ್ದ ಚೊಂಬು ನೆಲಕ್ಕೆ ಕುಕ್ಕಿದೆ. ಹತ್ತು ವರ್ಷ ಆ ಮರದ ಕೆಳಗೆ ಬಾರದವರು, ಮಗಳಿಗೆ ಒಂದು ಹೂವು ಇಡದವರು, ಈಗ ಅವಳನ್ನು ಅಗೆದು ಹಾಕಲು ಹೇಳುತ್ತಾರೆ. ಇನ್ನು ಇವರ ಜೊತೆ ನನಗೆ ಮಾತಿಲ್ಲ.

೨೨ ಅಕ್ಟೋಬರ್ ೨೦೨೪

ವಾರದ ರಜೆ. ಮಧ್ಯಾಹ್ನ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತಿದ್ದೆ. ಮಾತು ಬಿಟ್ಟು ನಲವತ್ತು ದಿನವಾಗಿತ್ತು. ಇವರು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತರು.

"ಅವಳು ಅಲ್ಲಿಲ್ಲ ಕಣೇ."

ನಾನು ತಲೆ ಎತ್ತಲಿಲ್ಲ.

"ಮರದ ಬುಡದಲ್ಲಿ ಒಂದು ಮೊಳ ತೋಡೋವಾಗ್ಲೇ ಬಂಡೆ ಬಂತು. ಮೂರು ಕಡೆ ತೋಡಿದ್ವಿ. ಮೂರೂ ಕಡೆ ಬಂಡೆ. ಹೊತ್ತು ಮುಳುಗ್ತಿತ್ತು. ನಮ್ಮಣ್ಣ ದೊಡ್ಡಮುನಿಯಪ್ಪ, ಇನ್ನು ತಡ ಮಾಡ್ಬಾರ್ದು ಅಂದ. ಕುಂಟೆ ದಡದಲ್ಲಿ ಮಣ್ಣು ಮೆತ್ತಗಿತ್ತು. ಅಲ್ಲೇ ಮಲಗಿಸಿದ್ವಿ. ಮನೆಗೆ ಬಂದಾಗ ನೀನು ಕೇಳಿದ್ದು ಒಂದೇ ಮಾತು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಹೂಂ ಅಂದೆ."

"ಜಮೀನು ಮಾರೋವಾಗ್ಲಾದ್ರೂ?"

"ಆಗ ನಕ್ಷೇಲಿ ಕುಂಟೆ ಹಂಗೇ ಇತ್ತಲ್ಲ. ದೋಣಿ ಬಿಡ್ತೀವಿ ಅಂದಿದ್ರು. ಪಕ್ಕದಲ್ಲೇ ನೀರಿರುತ್ತೆ, ಯಾರೂ ತೋಡಲ್ಲ ಅನ್ಕೊಂಡೆ. ಸುಳ್ಳು ಹೇಳಿ ಆರೇಳು ವರ್ಷ ಆಗಿತ್ತು. ನೀನು ಆಗಷ್ಟೇ ಎರಡು ಹೊತ್ತು ಊಟ ಮಾಡೋಕೆ ಶುರು ಮಾಡಿದ್ದೆ."

ಅಕ್ಕಿಯ ಮೊರ ನನ್ನ ತೊಡೆಯ ಮೇಲೆ ಹಾಗೇ ಇತ್ತು. ಜೆಸಿಬಿ ಬಂದ ಮೂರು ದಿನ ನೆನಪಾಯಿತು. ಬಿಸಿಲಿನಲ್ಲಿ ನಿಂತ ಇವರ ಬೆನ್ನು ನೆನಪಾಯಿತು.

"ಏನಾದ್ರೂ ಸಿಕ್ತಾ?"

"ಒಂದೊಂದು ಬಕೆಟ್ಟೂ ನೋಡ್ದೆ. ಕಾಲ್ಗೆಜ್ಜೆ ಆದ್ರೂ ಕಾಣುತ್ತೇನೋ ಅಂತ. ಏನಿಲ್ಲ ಕಣೇ, ಬರೀ ಮಣ್ಣು. ಗೇಟಿನ ಹತ್ರ ಪಾರ್ಕಿಂಗಿಗೆ ಹಾಕಿ ಎತ್ತರ ಮಾಡಿದ್ರು."

ನಾನು ದಿನಾ ಚಪ್ಪಲಿ ಮೆಟ್ಟಿಕೊಂಡು ಬರುವ ದಾರಿ ಅದು. ಮೊರ ಎತ್ತಿ ಇವರ ಮುಖದ ಮೇಲೆ ಎಸೆದೆ. ಅಕ್ಕಿ ಮನೆಯೆಲ್ಲ ಚೆಲ್ಲಿತು. ಇವರು ಒಂದೊಂದೇ ಕಾಳು ಆಯ್ದು ಮೊರಕ್ಕೆ ಹಾಕತೊಡಗಿದರು. ಆಗ ಕಾಲು ಕಂಡಿತು. ಒಡೆದ ಹಿಮ್ಮಡಿ, ಬೆಳ್ಳಗೆ ಕೊಳೆತ ಬೆರಳ ಸಂದಿ. ಏಳು ವರ್ಷದಿಂದ ಬೂಟು ಹಾಕಿಕೊಳ್ಳದ ಕಾಲು.

೩೦ ಅಕ್ಟೋಬರ್ ೨೦೨೪

ಹಾಗಾದರೆ ಇಷ್ಟು ವರ್ಷ ನಾನು ಯಾರಿಗೆ ಎಡೆ ಇಟ್ಟೆ?

೯ ನವೆಂಬರ್ ೨೦೨೪

ಇವತ್ತಿಗೆ ಹದಿನೆಂಟು ವರ್ಷ.

ಬೆಳಿಗ್ಗೆ ಐದೂವರೆಗೆ ನಾವಿಬ್ಬರೂ ಕೊಳದ ಹತ್ತಿರ ಹೋದೆವು. ತೆರೆದು ಇಷ್ಟು ವರ್ಷವಾದರೂ ನಾನು ಅದನ್ನು ಹತ್ತಿರದಿಂದ ನೋಡಿದ್ದು ಇವತ್ತೇ. ಮೋಟಾರು ಇನ್ನೂ ಹಾಕಿರಲಿಲ್ಲ, ನೀರು ಸುಮ್ಮನಿತ್ತು. ಇವರು ಬೂಟು, ಚಪ್ಪಲಿ ಯಾವುದೂ ಇಲ್ಲದೆ ಇಳಿದು, ಆಳ ಕಡಿಮೆ ಇರುವ ಮೂಲೆಯಲ್ಲಿ ನಿಂತು, "ಇಲ್ಲಿ," ಅಂದರು. ಮೊಣಕಾಲುದ್ದ ನೀರು. ತೀರಾ ಚಿಕ್ಕ ಮಕ್ಕಳನ್ನು ಆಡಿಸುವ ಜಾಗವಂತೆ ಅದು.

ಸೀರೆ ಎತ್ತಿ ಕಟ್ಟಿಕೊಂಡು ನಾನೂ ಇಳಿದೆ. ನೀರು ಕೊರೆಯುತ್ತಿತ್ತು. ಅವತ್ತು ಹೊಸಿಲು ದಾಟಬಾರದು ಅಂತ ಕೂರಿಸಿದ್ದರಲ್ಲ, ಅಲ್ಲಿಂದ ಇಲ್ಲಿಗೆ ಬರಲು ಹದಿನೆಂಟು ವರ್ಷ ಹಿಡಿಯಿತು ವೇಣಿ. ದಡದಲ್ಲಿ ಬಾಳೆಲೆ ಹಾಸಿ ಕೋಡುಬಳೆ, ಪಾಯಸ ಇಟ್ಟೆವು. ಇವರು ಅತ್ತರು. ನಿನ್ನನ್ನು ಕಳೆದುಕೊಂಡ ದಿನವೂ ಇವರು ನನ್ನೆದುರು ಅತ್ತಿರಲಿಲ್ಲ. ಕೈ ಹಿಡಿದುಕೊಂಡೆ. ಕ್ಷಮಿಸಿದ್ದೇನಾ, ಇಲ್ಲವಾ, ನನಗೆ ಇನ್ನೂ ಗೊತ್ತಿಲ್ಲ. ಕೈಯಂತೂ ಹಿಡಿದುಕೊಂಡೆ.

ಹನ್ನೊಂದು ಗಂಟೆಗೆ ಆಫೀಸಿಗೆ ನಾನೇ ಹೋದೆ. ಸುಳ್ಳಿನ ಮೇಲೆ ಒಂದು ಕಂಪನಿಯ ಕೆಲಸವನ್ನು ಎಷ್ಟು ದಿನ ತಡೆಯಲಿ? ಇದ್ದದ್ದನ್ನು ಇದ್ದ ಹಾಗೆ ಹೇಳಿ ರುಜು ಹಾಕಿ ಬರುವುದು ಅಂತ ಬೆಳಿಗ್ಗೆಯೇ ಇವರಿಗೆ ಹೇಳಿದ್ದೆ. ನಂದಕಿಶೋರ್ ಪೂರ್ತಿ ಕೇಳಿದರು. ಪಾಪ, ಅವರ ಕಣ್ಣೂ ತುಂಬಿತು. ಶ್ವೇತ ನೀರು ತಂದುಕೊಟ್ಟಳು. ಪ್ರತಿ ವರ್ಷ ಈ ದಿನ ಬೆಳಿಗ್ಗೆ ಕೊಳವನ್ನು ನಮಗೆ ಬಿಟ್ಟುಕೊಡುವುದಾಗಿ ಅವರೇ ಹೇಳಿದರು.

ಆಮೇಲೆ ಕಾಗದ ನನ್ನ ಕಡೆ ತಿರುಗಿಸಿದರು. "ಹಾಗಾದ್ರೆ ಮರದ್ದು ತೊಂದರೆ ಇಲ್ವಲ್ಲಾ ಅಮ್ಮಾ. ಇಲ್ಲೊಂದು, ಕೆಳಗೊಂದು ಸೈನ್."

ಪೆನ್ನು ತೆಗೆದುಕೊಂಡೆ. ಗಂ ಅಂತ ಬರೆದೆ ಕೂಡ. ಅಷ್ಟು ಬರೆದು ಕೇಳಿದೆ:

"ಮರ ಹೋದ್ರೆ ಮಕ್ಕಳು ಎಲ್ಲಿಗೆ ಬರ್ತಾರೆ?"

"ಯಾವ ಮಕ್ಕಳು?"

"ತಪ್ಪಿಸ್ಕೊಂಡೋರು."

"ಈಗ ಯಾರೂ ತಪ್ಪಿಸ್ಕೊಳ್ಳಲ್ಲಮ್ಮಾ. ಬ್ಯಾಂಡ್ ಇದೆಯಲ್ಲ."

"ಎರಡು ವರ್ಷದಿಂದ ತಪ್ಪಿಸ್ಕೊಂಡಿಲ್ಲ. ಮುಂದಕ್ಕೂ ತಪ್ಪಿಸ್ಕೊಳ್ಳಲ್ಲ ಅಂತ ಬರ್ಕೊಡ್ತೀರಾ?"

ನಾನು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು ಎದ್ದು ಬಂದೆ. ಕೆಲಸದಿಂದ ತೆಗೆದರೂ ತೆಗೆಯಬಹುದು, ವಕೀಲರ ನೋಟೀಸೂ ಬರಬಹುದು. ರುಜು ಹಾಕಬೇಕು ಅಂತ ಹೋದವಳು ಯಾಕೆ ಹಾಗೆ ಕೇಳಿದೆನೋ, ದಾರಿಯುದ್ದಕ್ಕೂ ಯೋಚಿಸಿದರೂ ತಿಳಿಯಲಿಲ್ಲ.

ಮಧ್ಯಾಹ್ನ ಇವರು ಊಟದ ಡಬ್ಬಿ ಹಿಡಿದುಕೊಂಡು ಬಂದರು. ಮರದ ನೆರಳಿನ ಅಂಚಿನಲ್ಲಿ ನಿಂತು, "ಬರ್ಲಾ?" ಅಂದರು. ಜಾಗ ಗುಡಿಸಿಕೊಟ್ಟೆ. ಇಬ್ಬರೂ ಕೂತು ಉಂಡೆವು. ಉಂಡ ಮೇಲೆ ಚಪ್ಪಡಿಯ ಮೇಲಿನ ಗೆರೆಗಳನ್ನು ನೋಡಿ, "ಅಳ್ಸೋಗಿದೆ," ಅಂದರು. ಸೀಮೆಸುಣ್ಣ ಕೊಟ್ಟೆ. ಅವರೇ ತಿದ್ದಿದರು, ಸೊಟ್ಟಸೊಟ್ಟಗೆ.

ನಾಳೆ ಭಾನುವಾರ, ಜನ ಜಾಸ್ತಿ. ಬೀಜ ಸೀಳಿಟ್ಟುಕೊಳ್ಳಬೇಕು.